ಹೊಂಗೆ ಮರದ ಅಳಿಲೂ ನಮ್ಮ ಬೀದಿಯ ಬಾವುಟವೂ

ನನಗೆ ಜಂಬ ಸ್ವಲ್ಪ ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಓದುತ್ತ ಹೋದರೆ ನಿಮಗೆ ಹೇಗೂ ಗೊತ್ತಾಗುತ್ತದೆ. ಜಂಬಪಡುವುದಕ್ಕೆ ನನ್ನ ಬಳಿ ಹೇಳಿಕೊಳ್ಳುವಂಥ ಆಸ್ತಿಯೇನೂ ಇಲ್ಲ. ಪೀಣ್ಯದ ಒಂದು ಅಡ್ಡರಸ್ತೆಯಲ್ಲಿ ಸ್ಪ್ರಿಂಗ್ ಮಾಡುವ ಪುಟ್ಟ ವರ್ಕ್‌ಶಾಪಿದೆ, ಅದರೆದುರು ಒಂದು ಹೊಂಗೆ ಮರವಿದೆ, ಆ ಮರದಲ್ಲಿ ಅಳಿಲುಗಳಿವೆ. ವರ್ಕ್‌ಶಾಪು ಮಾವನವರದು, ಮರ ಸರ್ಕಾರದ್ದು, ಅಳಿಲು ಯಾರದೂ ಅಲ್ಲ. ಮೂರರಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಜಂಬಪಡಬಹುದಾದದ್ದು ಅಳಿಲೊಂದೇ ಎಂದು ನಾನು ಅದನ್ನೇ ಹಿಡಿದುಕೊಂಡಿದ್ದೇನೆ.

ಕಾಲೇಜಿನಲ್ಲಿ ನಾನು ಓದಿದ್ದು ಪ್ರಾಣಿಶಾಸ್ತ್ರ. ಮದುವೆಯಾದಂದಿನಿಂದ ಸುತ್ತುತ್ತಿರುವುದು ತಂತಿ. ಮಾವನವರಿಗೆ ಗಂಡುಮಕ್ಕಳಿರಲಿಲ್ಲ, ನನಗೆ ಕೆಲಸವಿರಲಿಲ್ಲ. ಹೀಗಾಗಿ ಕಪ್ಪೆಯ ಹೃದಯಕ್ಕೆ ಎಷ್ಟು ಕೋಣೆಯೆಂದು ಬಲ್ಲವನು ಪಂಪಿನ ವಾಲ್ವಿಗೆ ಎಷ್ಟು ಸುತ್ತಿನ ಸ್ಪ್ರಿಂಗು ಬೇಕೆಂದು ಹೊಸದಾಗಿ ಕಲಿಯಬೇಕಾಯಿತು. ಓದಿದ್ದು ಪೂರ್ತಿ ನೀರುಪಾಲಾಗಬಾರದೆಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ಕಿಟಕಿಯ ಪಕ್ಕ ಕೂತು ಅಳಿಲು ನೋಡುತ್ತೇನೆ. ಅಕ್ಕಪಕ್ಕದ ಮಿಷನ್ನುಗಳೆಲ್ಲ ಬಾಯಿ ಮುಚ್ಚಿರುವ ಆ ಹೊತ್ತಿನಲ್ಲಿ ಬೀದಿಯಲ್ಲಿ ಕೇಳಿಸುವುದು ಅದೊಂದರ ದನಿಯೇ. ಬಾಲವನ್ನು ಝಾಡಿಸುತ್ತ, ಪ್ರತಿ ಸಲವೂ ಒಂದೊಂದು 'ಚಿಪ್' ಎನ್ನುತ್ತ, ಬೆಕ್ಕು ಹೋದ ಮೇಲೂ ಗಿಡುಗ ಹಾರಿದ ಮೇಲೂ ಅದು ನಿಲ್ಲಿಸುವುದಿಲ್ಲ. ಎದುರಾಳಿ ಸಭೆಯಿಂದ ಎದ್ದು ಹೋದ ಮೇಲೂ ಭಾಷಣ ಮುಂದುವರಿಸುವವರನ್ನು ನಾನು ನಮ್ಮ ಸಂಘದಲ್ಲೂ ಕಂಡಿದ್ದೇನೆ.

ನನ್ನ ಷಡ್ಡಕ ವರ್ಷಕ್ಕೊಮ್ಮೆ ರಜೆ ಹಾಕಿ, ಮೊಳದುದ್ದದ ಕ್ಯಾಮೆರಾ ಹೊತ್ತುಕೊಂಡು ಕಾಡಿಗೆ ಹೋಗುತ್ತಾನೆ. ಬಂದು ಫೋಟೋ ತೋರಿಸುತ್ತಾನೆ. ಹುಲಿಯ ಹಿಂಭಾಗ, ಆನೆಯ ಅರ್ಧ ಕಿವಿ. ಹೋದ ಸಲ ಒಂದು ಕೆಂಜಳಿಲಿನ ಫೋಟೋ ತಂದಿದ್ದ. ನಿಜಕ್ಕೂ ಚೆಲುವೆ, ಕೆಂಪು ಮೈ, ಕೊಂಬೆಯಿಂದ ಇಳಿಬಿಟ್ಟ ಸೀರೆಯ ಸೆರಗಿನಂಥ ಬಾಲ. "ಇಂಥದ್ದು ನಿಮ್ಮ ಪೀಣ್ಯದಲ್ಲಿ ಇದೆಯೇನ್ರಿ?" ಎಂದು ಕೇಳಿದ. ಇಲ್ಲ ಎಂದು ಒಪ್ಪಿಕೊಂಡೆ. ಆದರೆ ಅದಕ್ಕೆ ಬದುಕಲು ಒಂದಿಡೀ ಕಾಡು ಬೇಕು, ಮರದ ತುದಿಗೆ ಮರದ ತುದಿ ತಾಗಿರಬೇಕು, ನೆಲಕ್ಕೆ ಇಳಿಯಬೇಕಾಗಿ ಬಂದರೆ ಅದಕ್ಕೆ ಜೀವ ಹೋದಂತಾಗುತ್ತದೆ. ನಮ್ಮದಕ್ಕೆ ಒಂದು ಹೊಂಗೆ, ಒಂದು ಕಾಂಪೌಂಡು, ಒಂದು ಕೇಬಲ್ಲು ಸಾಕು. ಲಾರಿ, ಫೋರ್ಕ್‌ಲಿಫ್ಟು, ಕರೆಂಟು, ಬೆಕ್ಕು, ಪೌಡರ್ ಕೋಟಿಂಗಿನ ಧೂಳು ಎಲ್ಲದರ ನಡುವೆ ಸಂಸಾರ ಹೂಡಿ, ಮಕ್ಕಳನ್ನು ದಡ ಸೇರಿಸುತ್ತದೆ. ಕಾಡಿನಲ್ಲಿ ಬದುಕುವುದು ಪ್ರಾಣಿಗೆ ಅಂಥ ದೊಡ್ಡ ವಿಷಯವೇ ಎಂದು ಷಡ್ಡಕನನ್ನು ಕೇಳಿದೆ. ಅವನು ಕ್ಯಾಮೆರಾ ಒರೆಸಿಕೊಂಡ.

ನಮ್ಮ ಅಳಿಲಿಗೆ ಬೆನ್ನ ಮೇಲೆ ಮೂರು ಪಟ್ಟೆ. ಉತ್ತರ ದೇಶದ ಕಡೆಯ ಅದರ ದಾಯಾದಿಗೆ ಐದು. ಒಮ್ಮೆ ಅಲ್ಲಿಂದ ಮಾಲು ನೋಡಲು ಬಂದಿದ್ದ ಗಿರಾಕಿಯೊಬ್ಬರು ಕಿಟಕಿಯಲ್ಲಿ ಅಳಿಲು ಕಂಡು, ಇದಕ್ಕೆ ಎರಡು ಪಟ್ಟೆ ಕಡಿಮೆಯಿದೆಯಲ್ಲ ಎಂದು ಆಕ್ಷೇಪಿಸಿದರು. ಅವರಿಗೆ ಸ್ಪ್ರಿಂಗಿನ ಸುತ್ತು ಎಣಿಸಿ ಎಣಿಸಿ ಅದೇ ಚಟವಾಗಿತ್ತು. ನಮ್ಮ ಡ್ರಾಯಿಂಗಿನಲ್ಲಿ ಇರುವುದೇ ಮೂರು, ಮಾಲು ಸರಿಯಾಗಿದೆ ಎಂದು ಹೇಳಿ ಕಳಿಸಿದೆ. ಆ ಪಟ್ಟೆ ಹೇಗೆ ಬಂತೆಂಬ ಕಥೆಯನ್ನು ನಿಮ್ಮ ಅಜ್ಜಿ ನಿಮಗೆ ಹೇಳಿಯೇ ಇರುತ್ತಾರೆ, ನಾನು ಮತ್ತೆ ಹೇಳುವುದಿಲ್ಲ. ಎಲೆಗಳ ನಡುವೆ ಬೀಳುವ ಬಿಸಿಲು ನೆರಳಿನಲ್ಲಿ ಕರಗಿಹೋಗಲು ಅವು ಅನುಕೂಲ ಎಂದು ಪ್ರಾಣಿಶಾಸ್ತ್ರ ಹೇಳುತ್ತದೆ. ನನಗೆ ಎರಡೂ ಒಪ್ಪಿಗೆ. ಹಬ್ಬದ ದಿನ ಅಜ್ಜಿಯದು, ಉಳಿದ ದಿನ ಶಾಸ್ತ್ರದ್ದು.

ಆದರೆ ಅದರ ಅಸಲಿ ಗತ್ತು ಇರುವುದು ಕಾಲಿನಲ್ಲಿ. ಬೆಕ್ಕು ಸರಸರನೆ ಮರ ಹತ್ತುತ್ತದೆ, ಇಳಿಯುವಾಗ ಮಾತ್ರ ಹಿಂದುಹಿಂದಾಗಿ, ಸಾಲ ಕೇಳಲು ಬಂದವರ ಹಾಗೆ ಅಳುಕುತ್ತ ಇಳಿಯುತ್ತದೆ. ಅಳಿಲು ತಲೆ ಕೆಳಗೆ ಮಾಡಿ ನೇರ ಇಳಿಯುತ್ತದೆ. ಹಿಂಗಾಲಿನ ಪಾದವನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ, ಉಗುರನ್ನು ತೊಗಟೆಗೆ ಸಿಕ್ಕಿಸಿ, ಮುಂಗೈ ಎರಡನ್ನೂ ಬಿಡುವಾಗಿಟ್ಟುಕೊಂಡು ತಲೆಕೆಳಗಾಗಿ ನೇತಾಡುತ್ತಲೇ ಕಾಯಿ ಸುಲಿಯುತ್ತದೆ. ಇಂಥ ಕೀಲು ಮಾಡಿಕೊಡಿ ಎಂದು ಯಾರಾದರೂ ಆರ್ಡರು ಕೊಟ್ಟರೆ ಇಡೀ ಪೀಣ್ಯ ತಲೆ ಕೆರೆದುಕೊಳ್ಳಬೇಕು. ಇನ್ನು ಹಲ್ಲು. ಮುಂದಿನ ಹಲ್ಲುಗಳು ಬದುಕಿರುವತನಕ ಬೆಳೆಯುತ್ತಲೇ ಇರುತ್ತವೆ, ಅದಕ್ಕೇ ಸಿಕ್ಕಿದ್ದನ್ನೆಲ್ಲ ಕಡಿದು ಸವೆಸಬೇಕು. ನಮ್ಮಲ್ಲಿ ಟೂಲು ಸವೆಯುತ್ತದೆ ಎಂಬುದು ತಲೆನೋವು. ಅಳಿಲಿಗೆ ಸವೆಯದಿದ್ದರೆ ಅಪಾಯ.

ಅದು ಶುದ್ಧ ಸಸ್ಯಾಹಾರಿ ಎಂದು ನಂಬಿರುವವರು ಬೀದಿಯಲ್ಲಿ ಬಹಳ ಜನರಿದ್ದಾರೆ. ನಾನು ಅವರ ನಂಬಿಕೆ ಕೆಡಿಸಲು ಹೋಗಿಲ್ಲ. ಹಣ್ಣು, ಚಿಗುರು, ಹೂವಿನ ಜೇನು, ಬೀಜ ಎಲ್ಲ ತಿನ್ನುವುದು ಹೌದು. ಗೆದ್ದಲು, ಹುಳ, ಕೆಲವೊಮ್ಮೆ ಪಕ್ಕದ ಗೂಡಿನ ಹಕ್ಕಿಮೊಟ್ಟೆಯನ್ನೂ ಬಿಡುವುದಿಲ್ಲ. ಸೋಮವಾರ ಶನಿವಾರ ನೋಡುವುದಿಲ್ಲ ಅಷ್ಟೆ.

ಗೂಡಿನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ, ಯಾಕೆಂದರೆ ನಮ್ಮ ಬೀದಿಯ ಗಲಾಟೆಯೆಲ್ಲ ಶುರುವಾದದ್ದು ಅಲ್ಲಿಂದ. ಅಳಿಲಿನ ಗೂಡು ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದಾದ ಒಂದು ಉಂಡೆ. ಹೊರಗೆ ನಾರು, ಒಣಹುಲ್ಲು. ಒಳಗೆ ಕೈಗೆ ಸಿಕ್ಕ ಅತಿ ಮೆತ್ತನೆಯ ಸರಕು. ನಮ್ಮ ವರ್ಕ್‌ಶಾಪಿನಲ್ಲಿ ಎಣ್ಣೆ ಒರೆಸಲು ಕಾಟನ್ ವೇಸ್ಟು, ಅಂದರೆ ಬನಿಯನ್ ಫ್ಯಾಕ್ಟರಿಯ ನೂಲಿನ ಸಿಕ್ಕು, ಮೂಟೆಗಟ್ಟಲೆ ಇರುತ್ತದೆ. ಅದರಿಂದ ಅಳಿಲು ಎಳೆದುಕೊಂಡು ಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಎಣ್ಣೆ ಸೋಕಿದ ಎಳೆಯನ್ನು ಮೂಸಿ ಬಿಟ್ಟುಬಿಡುತ್ತದೆ. ನೈಲಾನ್ ದಾರವನ್ನು ಮುಟ್ಟುವುದೂ ಇಲ್ಲ. ಅಪ್ಪಟ ಹತ್ತಿಯೇ ಆಗಬೇಕು. ಎರಡು ಮುಂಗೈಯಲ್ಲಿ ಅದನ್ನು ಹಿಂಡಿ ಹಿಂಡಿ ಉಂಡೆ ಮಾಡಿ ಬಾಯಲ್ಲಿ ತುರುಕಿಕೊಂಡು, ಗಡ್ಡ ಬಿಟ್ಟ ಸನ್ಯಾಸಿಯಂತೆ ಮರ ಹತ್ತುತ್ತದೆ.

ಈಗ ಬಾವುಟಕ್ಕೆ ಬರುತ್ತೇನೆ. ನಮ್ಮ ಬೀದಿಯಲ್ಲಿ ಒಂದು ಕನ್ನಡ ಸಂಘವಿದೆ, ಅದಕ್ಕೆ ನಾನು ಅಧ್ಯಕ್ಷ. ನನ್ನ ಭಾಷಾಭಿಮಾನ ಕಂಡು ಆರಿಸಿದರೆಂದು ನಾನು ಭಾವಿಸಿದ್ದೆ. ನಮ್ಮ ವರ್ಕ್‌ಶಾಪಿನಲ್ಲಿ ಎತ್ತರದ ಏಣಿ ಇರುವುದೇ ಕಾರಣವೆಂದು ಆಮೇಲೆ ತಿಳಿಯಿತು. ಹೊಂಗೆ ಮರದ ಪಕ್ಕದಲ್ಲೇ ಸಿಮೆಂಟಿನ ಕಟ್ಟೆ, ಕಟ್ಟೆಯ ಮೇಲೆ ಕಂಬ, ಕಂಬದ ಮೇಲೆ ವರ್ಷಪೂರ್ತಿ ಹಳದಿ ಕೆಂಪಿನ ಬಾವುಟ. ನವೆಂಬರ್ ಒಂದಕ್ಕೆ ಹೊಸದು ಏರಿಸುತ್ತೇವೆ. ಆರ್ಕೆಸ್ಟ್ರಾ, ಸನ್ಮಾನ, ಬಿಸಿಬೇಳೆಬಾತು ಮಾತ್ರ ತಿಂಗಳ ಕೊನೆಯ ಭಾನುವಾರ, ಏಕೆಂದರೆ ಅದಕ್ಕೆ ಮೊದಲು ನಮ್ಮ ಕೈಗೆ ಶಾಮಿಯಾನ ಸಿಕ್ಕುವುದಿಲ್ಲ. ಪ್ರತಿ ಸಲವೂ ಪಳಪಳ ಹೊಳೆಯುವ ಸಿಂಥೆಟಿಕ್ ಬಾವುಟ ಬರುತ್ತಿತ್ತು. ಈ ಸಲ ಅಧ್ಯಕ್ಷನಾದ ನಾನು ಎದ್ದು ನಿಂತು, ನಮ್ಮ ನಾಡಿನ ಬಾವುಟ ನಮ್ಮ ಮಣ್ಣಿನ ಹತ್ತಿಯದೇ ಆಗಿರಬೇಕು, ಪ್ಲಾಸ್ಟಿಕ್ಕಿಗೆ ಸೆಲ್ಯೂಟ್ ಹೊಡೆಯುವುದು ಇನ್ನು ಸಾಕು ಎಂದು ಭಾಷಣ ಬಿಗಿದೆ. ಚಪ್ಪಾಳೆ ಬಿತ್ತು. ಕೈಮಗ್ಗದ ಬಟ್ಟೆ ತರಿಸಿ, ಬಣ್ಣ ಹಾಕಿಸಿ, ದರ್ಜಿಯ ಪಕ್ಕ ನಾನೇ ನಿಂತು ಹೊಲಿಸಿದೆ. ಏರಿಸಿದ ದಿನ ಅದರ ಕಡೆ ನೋಡಿ ನೋಡಿ ನನ್ನ ಕತ್ತು ನೋಯುತ್ತಿತ್ತು.

ಕೆಲವು ದಿನಗಳಲ್ಲೇ ಕೆಳತುದಿಯ ಕೆಂಪು ಅಂಚು ಬಿಚ್ಚಿಕೊಂಡಿತು. ಗಾಳಿಗೆ ಇರಬಹುದೆಂದುಕೊಂಡೆವು. ಆಮೇಲೆ ಅಂಚಿನಿಂದ ಎಳೆ ಎಳೆಯಾಗಿ ನೂಲು ಮಾಯವಾಗತೊಡಗಿತು, ಹಳದಿಯವರೆಗೂ ಬಂತು. ಇಳಿಸಿ ನೋಡಿದರೆ ಕತ್ತರಿಯ ಗುರುತಿಲ್ಲ, ಯಾರೋ ಕೂತು ಎಳೆದಂತಿದೆ. ಇನ್ನೊಂದು ಹೊಲಿಸಿ ಏರಿಸಿದೆವು. ಅದಕ್ಕೂ ಅದೇ ಗತಿ. ಬೀದಿಯಲ್ಲಿ ಗುಸುಗುಸು ಎದ್ದಿತು. ಯಾರೋ ಬೇಕೆಂದೇ ಮಾಡುತ್ತಿದ್ದಾರೆ, ನಾಡಿಗೇ ಅವಮಾನ ಎಂದರು. ಇಷ್ಟು ಹೊತ್ತಿಗೆ ನಿಮಗೆ ಕಳ್ಳ ಯಾರೆಂದು ಗೊತ್ತಾಗಿರುತ್ತದೆ. ನನಗೆ ಗೊತ್ತಾಗಲಿಲ್ಲ. ನನ್ನ ಕಿಟಕಿಗೆ ಕಾಣುವುದು ಮರದ ಈಚೆಯ ಮಗ್ಗುಲು, ಬಾವುಟವಿದ್ದದ್ದು ಆಚೆಗೆ. ನಾನು ಬಲ್ಲ ಅಳಿಲು ನನ್ನ ಕಿಟಕಿಯ ಚೌಕಟ್ಟಿನೊಳಗಷ್ಟೇ ಬದುಕುತ್ತಿತ್ತು.

ಆಚೆಯ ಮಗ್ಗುಲಿಗೆ ನಂಜೇಗೌಡರ ಬಾಡಿಗೆ ಕಟ್ಟಡ. ನಂಜೇಗೌಡರು ಈ ಊರಿನ ಮೂಲ ಮನೆತನದವರು. ಅವರ ತಾತ ರಾಗಿ ಬಿತ್ತುತ್ತಿದ್ದ ಹೊಲದಲ್ಲಿ ಈಗ ಮೂರು ಅಂತಸ್ತು ನಿಂತಿದೆ. ಸಂಘದ ಗೌರವಾಧ್ಯಕ್ಷರೂ ಅವರೇ. ಮನಸ್ಸು ಬೆಣ್ಣೆ, ಬಾಯಿ ಮಾತ್ರ ಸುಣ್ಣದ ನೀರು. ಅವರ ಕಟ್ಟಡದ ಮೊದಲ ಮಹಡಿಯ ರೂಮಿನ ಕಿಟಕಿ ಮರಕ್ಕೂ ಕಂಬಕ್ಕೂ ತಾಗಿದಂತಿದೆ. ಅಲ್ಲಿ ಇದ್ದವನು ಮೌನೇಶ, ರಾಯಚೂರು ಕಡೆಯವನು, ಲೋಹಕ್ಕೆ ಬಣ್ಣದ ಪುಡಿ ಹಿಡಿಸುವ ಪಕ್ಕದ ಪೌಡರ್ ಕೋಟಿಂಗ್ ಶಾಪಿನಲ್ಲಿ ಕೆಲಸ. ಹೆಂಡತಿ ದೇವಮ್ಮ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಬಂದ ಹೊಸದರಲ್ಲಿ ಅವನು ಕಿಟಕಿಯಿಂದ ಬಾವುಟದ ಕಂಬಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದ, ಗೌಡರು ಬೈದು ಬಿಚ್ಚಿಸಿದ್ದರು. ಬಾವುಟ ಹರಿದಾಗ ಗೌಡರಿಗೆ ಆ ಹಗ್ಗ ನೆನಪಿಗೆ ಬಂತು. ಕೈಗೆ ಎಟುಕುವುದು ಆ ಕಿಟಕಿಯಿಂದ ಮಾತ್ರ, ಹಳೆಯ ಸಿಟ್ಟು ಬೇರೆ ಇದೆ ಎಂದು ಲೆಕ್ಕ ಹಾಕಿದರು. ನಾಲ್ಕು ಜನರ ಎದುರಿಗೆ ಅವನನ್ನು ನಿಲ್ಲಿಸಿ, ನಾಡಿನ ಬಾವುಟಕ್ಕೆ ಮರ್ಯಾದೆ ಕೊಡದವನಿಗೆ ತಮ್ಮ ಮನೆಯಲ್ಲಿ ಜಾಗವಿಲ್ಲ, ತಿಂಗಳಾಂತ್ಯಕ್ಕೆ ರೂಮು ಖಾಲಿ ಮಾಡು ಎಂದುಬಿಟ್ಟರು.

ಮಾರನೆಯ ದಿನ ಊಟದ ಹೊತ್ತಿಗೆ ಮೌನೇಶ ನನ್ನ ವರ್ಕ್‌ಶಾಪಿನ ಬಾಗಿಲಿಗೆ ಬಂದ. ಮೈಮೇಲೆ ಇನ್ನೂ ಪೌಡರಿನ ಬಿಳಿ ಧೂಳಿತ್ತು. ಒಳಗೆ ಕರೆದರೂ ಬರಲಿಲ್ಲ.

"ನಾ ಯಾಕ ಹರೀಲ್ರಿ ಸರ ಅದನ್ನ? ಸಾಲಿಗೆ ಹೋಗೂ ಮುಂದ ಅದನ್ನ ಹಿಡಕೊಂಡು ಊರ ತುಂಬ ತಿರುಗೀನ್ರಿ. ಅದು ನಂದೂ ಬಾವುಟ ಐತ್ರಿ," ಎಂದ. ಹೊರಡಲು ತಿರುಗಿದವನು ಮತ್ತೆ ನಿಂತು, "ಮನಿ ಬಿಡು ಅಂದ್ರ ಬಿಡ್ತೀನ್ರಿ. ಹರದಾಂವ ಅಂತ ಹೆಸರ ಹೊತ್ಕೊಂಡು ಹ್ಯಾಂಗ ಬಿಡ್ಲಿ?" ಎಂದ.

 ಅವನು ಮಾಡಿಲ್ಲವೆಂದು ನನಗೆ ಖಂಡಿತವಾಗಿ ಅನ್ನಿಸಿತು, ಆದರೆ ಅನ್ನಿಸುವುದನ್ನು ಬೀದಿ ಒಪ್ಪುವುದಿಲ್ಲ. ಗೌಡರ ಹತ್ತಿರ ಹೋಗಿ ಮಾತಾಡಿದೆ. ಹಾಗಾದರೆ ಮಾಡಿದವನನ್ನು ತೋರಿಸಿ ಎಂದರು. ಆ ಸಂಕಟದಲ್ಲಿ ನನಗೆ ಊಟ ಸೇರಲಿಲ್ಲ. ಕನ್ನಡದ ಹೆಸರಿನಲ್ಲಿ ಕನ್ನಡದವನನ್ನೇ ಬೀದಿಗೆ ಹಾಕುವ ಸಂಘಕ್ಕೆ ನಾನು ಅಧ್ಯಕ್ಷ ಎಂದುಕೊಂಡರೆ ನಾಚಿಕೆಯಾಗುತ್ತಿತ್ತು.

ಹಬ್ಬದ ಭಾನುವಾರ ಹತ್ತಿರ ಬಂತು. ಹೊಂಗೆ ಮರಕ್ಕೆ ಸೀರಿಯಲ್ ಸೆಟ್ಟಿನ ದೀಪ ಹಾಕಬೇಕಿತ್ತು. ಏಣಿ ಬಂದಲ್ಲಿ ಅಧ್ಯಕ್ಷನೂ ಬರಬೇಕೆಂಬುದು ಅಲಿಖಿತ ನಿಯಮ, ಹತ್ತುವವನೂ ನಾನೇ. ಗೌಡರು ಕೆಳಗೆ ಏಣಿ ಹಿಡಿದುಕೊಂಡು, ಅಲ್ಲಿ ಹಾಕಿ, ಇಲ್ಲಿ ಹಾಕಿ ಎಂದು ಹೇಳುತ್ತಿದ್ದರು. ನಾನು ಆಚೆಯ ಮಗ್ಗುಲಿನ ಕವಲಿಗೆ ಕೈ ಹಾಕಿದೆ. ತಲೆಯ ಮೇಲೆ ಕಿವಿ ಕಿತ್ತುಹೋಗುವಂತೆ ಚಿಪ್ ಚಿಪ್ ಶುರುವಾಯಿತು. ಎಲೆ ಸರಿಸಿ ನೋಡಿದರೆ ಎದುರಿಗೇ ಗೂಡು.

ಹೊರಗೆ ತೆಂಗಿನ ನಾರು. ನಡುವೆ ನನ್ನ ಶಾಪಿನ ಕಾಟನ್ ವೇಸ್ಟು. ಅದರ ಸುತ್ತ ಮುತ್ತ ಒಳಗೆ ಹೊರಗೆ, ಕೆಂಪು ಹಳದಿ, ಕೆಂಪು ಹಳದಿ. ದರ್ಜಿಯ ಪಕ್ಕ ನಿಂತು ಹೊಲಿಸಿದ ಬಟ್ಟೆ ನನಗೆ ಗುರುತು ಸಿಗದೆ ಇರುತ್ತದೆಯೇ? ಗಾಳಿ ಇಲ್ಲದಾಗ ಬಾವುಟದ ತುದಿ ಜೋತು ಬಿದ್ದು ಆ ಕೊಂಬೆಯ ಮೇಲೆ ಮಲಗುತ್ತಿತ್ತು. ಅಪ್ಪಟ ಹತ್ತಿ, ಒಳ್ಳೆಯ ಹದ, ಮನೆ ಬಾಗಿಲಿಗೆ ಬಂದ ಸರಕು. ಸಿಂಥೆಟಿಕ್ ಬಾವುಟವಿದ್ದಷ್ಟು ವರ್ಷ ಅದರತ್ತ ತಿರುಗಿಯೂ ನೋಡದಿದ್ದ ಅಳಿಲನ್ನು ಆಮಂತ್ರಣ ಕೊಟ್ಟು ಕರೆದವನು ನಾನೇ. ಏಣಿಯ ಮೇಲೆ ನಿಂತು ಮೊದಲು ನಕ್ಕೆ, ಆಮೇಲೆ ಮೌನೇಶನ ನೆನಪಾಗಿ ಕಣ್ಣು ತುಂಬಿ ಬಂತು.

ನಾನು ಹೇಳಿದ್ದನ್ನು ಗೌಡರು ನಂಬಲಿಲ್ಲ. ಪಂಚೆ ಎತ್ತಿ ಕಟ್ಟಿಕೊಂಡು ತಾವೇ ಹತ್ತಿದರು. ಬಹಳ ಹೊತ್ತು ಇಳಿಯಲಿಲ್ಲ. ಗೂಡಿನ ಸಂದಿಯಲ್ಲಿ ಇನ್ನೂ ಕಣ್ಣು ಬಿಡದ ಮರಿಗಳಿದ್ದವು. ಹುಟ್ಟಿದಾಗ ಬರಿಮೈಯ ಗುಲಾಬಿ ಬಣ್ಣದ ಇವು ಈಗಷ್ಟೇ ಬೆನ್ನಿಗೆ ಪಟ್ಟೆ ಬರೆಸಿಕೊಂಡಿದ್ದವು. ಕೆಳಗೆ ಜನ ಸೇರಿದ್ದರು. ಪ್ರಾಣಿ ಬಾವುಟದ ಮೇಲೆ ಮಲಗುವುದೂ ಅವಮಾನವೇ ಅಲ್ಲವೇ, ಗೂಡು ತೆಗೆಸಬೇಡವೇ ಎಂದು ಒಬ್ಬರು ಕೇಳಿದರು.

"ಮಕ್ಕಳ್ನ ಬೆಚ್ಚಗೆ ಮಡಿಕ್ಕಳಾದು ಅವಮಾನ ಎಂಗಾಯ್ತದೆ?" ಎಂದರು ಗೌಡರು ಮೇಲಿನಿಂದಲೇ. "ನಮ್ ಬಾವುಟ ಇರಾದೇ ಅದಕ್ಕೆ."

ಆ ಕ್ಷಣದಲ್ಲಿ ನನಗಾದ ಹೆಮ್ಮೆಯನ್ನು ಯಾವ ವೇದಿಕೆಯ ಮೇಲೂ ಯಾವ ಭಾಷಣದಲ್ಲೂ ನಾನು ಕಂಡಿರಲಿಲ್ಲ. ಗೌಡರು ಇಳಿದು ಬಂದರು. ಈ ಮರಕ್ಕೆ ಲೈಟು ಬೇಡವೆಂದರು. ಹೊಸ ಬಾವುಟಕ್ಕೆ ಕಂಬವನ್ನು ಕೊಂಬೆಯಿಂದ ದೂರ ಸರಿಸುವುದೆಂದೂ, ಅಳಿಲಿಗೆ ಬೇಕಾದಷ್ಟು ಕಾಟನ್ ವೇಸ್ಟನ್ನು ನಾನು ಕೆಳಗಿನ ರೆಂಬೆಗೆ ನೇತುಹಾಕುವುದೆಂದೂ ತೀರ್ಮಾನವಾಯಿತು. ಮೌನೇಶನ ವಿಷಯ ಮಾತ್ರ ಯಾರೂ ಎತ್ತಲಿಲ್ಲ.

ಎತ್ತುವುದು ಅಷ್ಟು ಸುಲಭವಾಗಿರಲಿಲ್ಲ. ಓನರ್ ಎನಿಸಿಕೊಂಡವರು ಬಾಡಿಗೆಯವನ ಬಾಗಿಲಿಗೆ ಹೋಗಿ ತಪ್ಪಾಯಿತು ಎಂದದ್ದನ್ನು ನಮ್ಮ ಬೀದಿ ಕಂಡಿಲ್ಲ. ಮೌನೇಶನಾದರೂ ತಾನಾಗಿ ಹೋಗಿ, ಈಗಲಾದರೂ ಇರಲೇ ಎಂದು ಕೇಳುವವರ ಪೈಕಿಯಲ್ಲ. ಕೋಟಿಂಗ್ ಶಾಪಿಗೆ ನಾನೇ ಹೋಗಿ ಗೂಡಿನ ಸುದ್ದಿ ಹೇಳಿದಾಗ ಅವನ ಮುಖ ಅರಳಿತು, ಹೆಸರು ತೊಳೆದುಹೋಯಿತಲ್ಲ ಎಂದು ಕೈಮುಗಿದ. ಆದರೆ ದಾಸರಹಳ್ಳಿಯಲ್ಲಿ ರೂಮು ನೋಡಿ ಮಾತು ಕೊಟ್ಟಾಗಿದೆ, ಹಬ್ಬ ಕಳೆದ ಮಾರನೆಯ ದಿನ ಟೆಂಪೋ ಬರುತ್ತದೆ ಎಂದ. ನಾಲ್ಕು ಜನರೆದುರು ಬಿಡು ಎಂದವರು ನಾಲ್ಕು ಜನರೆದುರು ಇರು ಎನ್ನಬೇಡವೇ ಎಂಬುದು ಅವನು ಬಾಯಿಬಿಟ್ಟು ಹೇಳದ ಮಾತು. ನನಗೆ ಅದು ನ್ಯಾಯವಾಗಿಯೇ ಕಂಡಿತು.

ಇಬ್ಬರು ಮಾನವಂತರ ನಡುವೆ ಸಿಕ್ಕಿದ ನಾನು ಎರಡು ದಿನ ಒದ್ದಾಡಿದೆ. ಕೊನೆಗೆ ಕೆಲಸ ಮಾಡಿದ್ದು ನಾನಲ್ಲ, ಅಳಿಲು. ಗೂಡಿಗೆ ಮನುಷ್ಯರು ಮೂಗು ತೂರಿಸಿದರೆ ತಾಯಿ ಅಳಿಲು ಸಹಿಸುವುದಿಲ್ಲ. ಬೇರೆ ಜಾಗ ಹುಡುಕಿ ಮರಿಗಳನ್ನು ಸಾಗಿಸುತ್ತದೆ. ಈ ಕೆಲಸದಲ್ಲಿ ಅದಕ್ಕೆ ಯಾರ ನೆರವೂ ಇಲ್ಲ. ಗಂಡಳಿಲು ಎಂಬ ಮಹಾಶಯ ಮರಿ ಹುಟ್ಟುವ ಮೊದಲೇ ಬೇರೆ ಮರದಲ್ಲಿ ಬೇರೆ ಸಂಸಾರದ ಹುಡುಕಾಟದಲ್ಲಿರುತ್ತಾನೆ. ಹಬ್ಬದ ಹಿಂದಿನ ದಿನ ಮಧ್ಯಾಹ್ನ ನಾನು ಕಿಟಕಿ ಬಿಟ್ಟು, ಊಟದ ಡಬ್ಬಿ ಸಮೇತ ಬಾವುಟದ ಕಟ್ಟೆಯ ಮೇಲೆ ಕೂತಿದ್ದೆ. ತಾಯಿ ಗೂಡಿನಿಂದ ಹೊರಬಂತು. ಬಾಯಲ್ಲಿ ಮರಿ, ಅದು ತಾಯಿಯ ಕುತ್ತಿಗೆಗೆ ಮಫ್ಲರ್ ಸುತ್ತಿದಂತೆ ಮುದುಡಿಕೊಂಡಿತ್ತು. ಕೊಂಬೆಯ ತುದಿಯವರೆಗೆ ಓಡಿತು, ಒಂದು ಗಳಿಗೆ ನಿಂತು ದೂರ ಅಳೆಯಿತು, ನೆಗೆಯಿತು. ನೆಗೆದು ಮೌನೇಶನ ರೂಮಿನ ವೆಂಟಿಲೇಟರಿನೊಳಗೆ ಮಾಯವಾಯಿತು. ಬರಿಬಾಯಲ್ಲಿ ಹೊರಬಂದು ಇನ್ನೊಂದನ್ನು ಒಯ್ದಿತು.

ನಾನು ಡಬ್ಬಿಯನ್ನು ಅಲ್ಲೇ ಬಿಟ್ಟು ಗೌಡರ ಮನೆಗೆ ಓಡಿದೆ. ನಿಮ್ಮ ಕಟ್ಟಡಕ್ಕೆ ಹೊಸ ಬಾಡಿಗೆಯವರು ಬಂದಿದ್ದಾರೆ, ಬಂದು ನೋಡಿ ಎಂದೆ. ಅವರು ಬರುತ್ತಿರಲಿಲ್ಲ, ಆದರೆ ಆ ಮರಿಗಳು ಏನಾದವೋ ಎಂಬ ಚಿಂತೆ ಅವರನ್ನೂ ಕಾಡುತ್ತಿತ್ತು. ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತರು. ಅಂದು ಮೌನೇಶನೂ ದೇವಮ್ಮನೂ ಕೆಲಸಕ್ಕೆ ರಜೆ ಹಾಕಿ ಸಾಮಾನು ಕಟ್ಟುತ್ತಿದ್ದರು. ಗೋಡೆ ಬರಿದಾಗಿತ್ತು. ಪಾತ್ರೆ ಒಂದು ಚೀಲದಲ್ಲಿ, ಸ್ಟೌವು ಇನ್ನೊಂದರಲ್ಲಿ. ವೆಂಟಿಲೇಟರಿನ ಕೆಳಗಿನ ಸಜ್ಜಾದ ಮೇಲೆ ಕೌದಿಗಳ ಗಂಟು. ಹಳೆಯ ಸೀರೆಗಳ ತುಂಡು ಜೋಡಿಸಿ ದೇವಮ್ಮ ಊರಿನಲ್ಲಿ ತಾನೇ ಹೊಲಿದದ್ದು. ಅಳಿಲು ತನ್ನ ಮರಿಗಳನ್ನು ತಂದು ಹಾಕಿದ್ದು ಆ ಕೌದಿಯ ಮಡಿಕೆಯೊಳಗೆ. ಬಾವುಟಕ್ಕಿಂತ ಒಳ್ಳೆಯ ಹತ್ತಿ, ಅದೂ ತೊಳೆದು ತೊಳೆದು ಮೆತ್ತಗಾದದ್ದು. ಆಯ್ಕೆಯಲ್ಲಿ ಅದು ತಪ್ಪುವುದಿಲ್ಲ.

ದೇವಮ್ಮ ಸೆರಗು ಸರಿಮಾಡಿಕೊಂಡು, "ಒಳಗ ಬರ್ರಿ ಗೌಡ್ರ, ಕುಂದರ್ರಿ," ಎಂದಳು. ಕೂರಲು ಚಾಪೆಯನ್ನೂ ಕಟ್ಟಿಟ್ಟಾಗಿತ್ತು. ಗೌಡರು ಚಪ್ಪಲಿ ಬಿಟ್ಟು ಒಳಗೆ ಬಂದರು. ತಾವೇ ಕಟ್ಟಿಸಿದ ರೂಮಿಗೆ ಅವರು ಹಾಗೆ ಬರಿಗಾಲಲ್ಲಿ ಕಾಲಿಟ್ಟದ್ದು ಗೃಹಪ್ರವೇಶದ ನಂತರ ಅದೇ ಮೊದಲೇನೋ. ಸಜ್ಜಾದ ಕಡೆ ಕತ್ತೆತ್ತಿ ನಿಂತರು. ವೆಂಟಿಲೇಟರಿನಲ್ಲಿ ತಾಯಿ ಅಳಿಲು ಕೂತು ನಮ್ಮೆಲ್ಲರನ್ನೂ ಒಟ್ಟಿಗೆ ಬೈಯುತ್ತಿತ್ತು. ಗಂಟನ್ನು ಹೇಗೆ ಒಯ್ಯುತ್ತೀಯ ಎಂದು ಗೌಡರು ಕೇಳಿದರು. ಮೆಲ್ಲಗೆ ಮರಿಗಳನ್ನು ಎತ್ತಿ ಮರದ ಗೂಡಿಗೆ ಇಟ್ಟುಬರುತ್ತೇನೆ ಎಂದ ಮೌನೇಶ, ಅವರ ಮುಖ ನೋಡದೆ.

ಗೌಡರು ಕಿಟಕಿಯ ಹತ್ತಿರ ಹೋದರು. ಆಮೇಲೆ, ಇಡೀ ಬೀದಿಗೆ ಪಂಚಾಯಿತಿ ಹೇಳುವಾಗಿನ ದನಿಯಲ್ಲಿ, ಕೆಳಗೆ ಬೀದಿಯಲ್ಲಿ ನಿಂತಿದ್ದವರಿಗೂ ಕೇಳುವಂತೆ ಹೇಳಿದರು:

"ಬ್ಯಾಡ ಕಣಪ್ಪ. ಬಾಣಂತಿ ಇರೋ ಮನೆ ಖಾಲಿ ಮಾಡಿಸ್ಬಾರ್ದು. ನಮ್ ವಂಶದಾಗೆ ಯಾರೂ ಮಾಡ್ಸಿಲ್ಲ, ನಾನೂ ಮಾಡ್ಸಕಿಲ್ಲ." ಮತ್ತೆ ದನಿ ಇಳಿಸಿ, ಕೌದಿಯ ಗಂಟಿನ ಕಡೆಗೇ ಮುಖ ಮಾಡಿ, "ಅವತ್ತು ಅಂಗಂದಿದ್ದು ನಂದು ತಪ್ಪಾಯ್ತು," ಎಂದರು.

ಅದನ್ನು ಅವರು ಹೇಳಿದ್ದು ಅಳಿಲಿಗಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮೌನೇಶ ಕೆಳಗೆ ನೋಡುತ್ತ ನಿಂತಿದ್ದ.  ಅಷ್ಟು ಸುಲಭಕ್ಕೆ ಮಣಿಯುವುದು ಅವನಿಗೂ ಸರಿಯೆನಿಸಲಿಲ್ಲ. ನನ್ನ ಕಡೆ ತಿರುಗಿದ.

"ಈ ಬಾಣಂತನ ಎಷ್ಟ ದಿನ ಇರ್ತದ್ರಿ ಸರ?"

ಮೂವರೂ ನನ್ನ ಮುಖ ನೋಡಿದರು. ಪದವಿ ಕೈಗೆ ಬಂದಂದಿನಿಂದ ಇಂದಿನವರೆಗೆ ಯಾರೂ ನನಗೆ ಪ್ರಾಣಿಶಾಸ್ತ್ರದ ಪ್ರಶ್ನೆಯೊಂದನ್ನು ಉತ್ತರ ಬೇಕೆಂದು ಕೇಳಿರಲಿಲ್ಲ. ನಾನು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡೆ. ಈ ಮರಿಗಳು ಕಣ್ಣು ಬಿಟ್ಟು, ಹಾಲು ಬಿಟ್ಟು, ತಮ್ಮ ದಾರಿ ಹಿಡಿಯಲು ಎರಡು ತಿಂಗಳ ಮೇಲಾಗುತ್ತದೆ ಎಂದೆ. ಅಷ್ಟೇ ಹೇಳಿ ನಿಲ್ಲಿಸಿದ್ದರೂ ಸುಳ್ಳಾಗುತ್ತಿರಲಿಲ್ಲ. ಆದರೆ ಶಾಸ್ತ್ರವನ್ನು ಅರ್ಧ ಹೇಳುವುದು ನನಗೆ ಆಗದು. ಅಳಿಲಿಗೆ ವರ್ಷಕ್ಕೆ ಒಂದೇ ಹೆರಿಗೆ ಎಂದಿಲ್ಲ, ಮಳೆ ಬಿಸಿಲು ನೋಡುವುದಿಲ್ಲ, ಇವು ಹೊರಡುವಷ್ಟರಲ್ಲಿ ತಾಯಿ ಮತ್ತೆ ಬಸುರಿಯಾಗಿರುತ್ತದೆ, ಅದಾದ ಮೇಲೆ ಮತ್ತೆ ಬಾಣಂತಿ, ಅಷ್ಟರಲ್ಲಿ ಇದರ ಹೆಣ್ಣುಮರಿಗಳಿಗೂ ಪ್ರಾಯ ಬಂದಿರುತ್ತದೆ ಎಂದು ಬಿಡಿಸಿ ಹೇಳಿದೆ. "ನೋಡಪ್ಪ ಮೌನೇಶ, ಈ ಜಾತಿಯಲ್ಲಿ ಬಾಣಂತನ ಅನ್ನೋದು ಮುಗಿಯೋದೇ ಇಲ್ಲ," ಎಂದೆ.

ಇದರಲ್ಲಿ ಒಂದಕ್ಷರವೂ ಉತ್ಪ್ರೇಕ್ಷೆಯಲ್ಲ, ಬೇಕಾದರೆ ಬಲ್ಲವರನ್ನು ಕೇಳಿ. ಗೌಡರು ತಲೆಯಾಡಿಸಿ, "ಕೇಳುದ್ಯಲ್ಲಪ್ಪ," ಎಂದು ನೆಲದ ಮೇಲೇ ಕೂತುಬಿಟ್ಟರು. ಮೌನೇಶ ಸಜ್ಜಾದ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. ದೇವಮ್ಮ ಯಾರ ಅಪ್ಪಣೆಗೂ ಕಾಯದೆ ಚೀಲದ ಬಾಯಿ ಬಿಚ್ಚಿ ಸ್ಟೌವನ್ನು ಹೊರಗೆ ತೆಗೆದಳು, ಅಡುಗೆ ಕಟ್ಟೆಯ ಮೇಲೆ ಮೊದಲಿದ್ದ ಜಾಗದಲ್ಲೇ ಇಟ್ಟು, ನಾಲ್ಕು ಜನಕ್ಕೆ ಚಹಾಕ್ಕೆ ನೀರಿಟ್ಟಳು.